‘ತಿರುವು’ ಬ್ಲಾಕಿನ ಕಾಲಿಂಚು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಅತ್ತಿಗೆಯ ಬೆರಳುಗಳಿಂದ ಎಂದು ಮೊದಲು ಅಂದುಕೊಂಡೆ. “ಆ ಬೆರಳುಗಳು ಬಣ್ಣಗಳ ಜೊತೆ ಮಾತಾಡುತ್ತಿದ್ದವು” ಎಂದು ಒಂದು ವಾಕ್ಯವನ್ನೂ ಬರೆದೆ. ಅತ್ತಿಗೆ ಓದಿ, “ಬೆರಳು ಮಾತಾಡಿದ್ರೆ ಡಾಕ್ಟರ ಹತ್ರ ಹೋಗ್ಬೇಕು ಕಣೋ” ಅಂದರು. ಆ ಡ್ರಾಫ್ಟು ಅಲ್ಲಿಗೇ ಗೋತಾ ಹೊಡೆಯಿತು.

ಹಾಗಾದರೆ ನೆಟ್ಟಗೆ ಹೇಳಿಬಿಡುತ್ತೇನೆ. ನನ್ನ ಅಣ್ಣನ ಹೆಂಡತಿ ಕ್ವಿಲ್ಟ್ ಬ್ಲಾಕುಗಳನ್ನು ವಿನ್ಯಾಸ ಮಾಡುತ್ತಾರೆ. ಬ್ಲಾಕ್ ಅಂದರೆ ತುಂಡುಬಟ್ಟೆಗಳನ್ನು ಅಳತೆಯ ಪ್ರಕಾರ ಜೋಡಿಸಿ ಹೊಲಿದ ಒಂದು ಚೌಕ. ಅಂಥ ಹತ್ತಾರು ಸೇರಿದರೆ ಒಂದು ಹೊದಿಕೆ. ಚಿತ್ರ ಅವರದು, ಅಳತೆ ಅವರದು, ಅದನ್ನು ಅಚ್ಚುಹಾಕಿಸಿದ ಹಾಳೆ ಅವರದು, ಊರೂರು ತಿರುಗಿ ಕಲಿಸುವ ಗಂಟಲೂ ಅವರದೇ. (ಈ ಸಲ ಇಸ್ತ್ರಿ ಹಾಕಲು ಜನ ಸಿಗದೆ ನನ್ನನ್ನು ಎಳೆದುಕೊಂಡು ಹೋಗಿದ್ದರು. ಲೇಖಕನಿಗೆ ಹೇಗೂ ಬೇರೆ ಕೆಲಸವಿಲ್ಲ ಎಂಬುದು ನಮ್ಮ ಮನೆಯಲ್ಲಿ ಎಲ್ಲರೂ ಒಪ್ಪುವ ಒಂದೇ ಒಂದು ಮಾತು.)

೨

ಅದು ಎರಡು ದಿನದ ರಿಟ್ರೀಟ್, ಅಂದರೆ ಹೊಲಿಗೆಯ ಶಿಬಿರ. ಗುಡ್ಡದ ಮೇಲಿನ ಗೆಸ್ಟ್‌ಹೌಸ್, ಉದ್ದನೆಯ ಹಾಲ್, ಇಪ್ಪತ್ತು ಮೇಜು, ಇಪ್ಪತ್ತು ಮಷೀನು, ಕಾಲಿಟ್ಟಲ್ಲೆಲ್ಲ ವೈರು. ಹತ್ತೊಂಬತ್ತು ಹೆಂಗಸರು, ಒಬ್ಬರೇ ಗಂಡಸು. ಅವರು ರಿಟೈರಾದ ಬಸ್ ಡ್ರೈವರು.

ಅಲ್ಲಿ ಕಲಿಸಬೇಕಿದ್ದ ಹೊಸ ಬ್ಲಾಕಿನ ಹೆಸರು ‘ತಿರುವು’. ಹದಿನಾರು ಚೌಕ, ನಾಲ್ಕು ಸಾಲು; ಅದರಲ್ಲಿ ನಾಲ್ಕು ಇಡೀ ಚೌಕ, ಉಳಿದವು ತ್ರಿಕೋನ ಜೋಡಿಸಿ ಮಾಡಿದವು. ಹೊಲಿದು ಮುಗಿಸಿದಾಗ ಒಂದು ದಾರಿ ಮೂಲೆಯಿಂದ ಮೂಲೆಗೆ ಬಳುಕಿ ಹೋದಂತೆ ಕಾಣುತ್ತದೆ. ಹತ್ತಿರ ಹೋಗಿ ನೋಡಿದರೆ ಬಳುಕಿದ ಗೆರೆ ಒಂದೂ ಇಲ್ಲ, ಎಲ್ಲ ನೇರ ಹೊಲಿಗೆ. ಅದಕ್ಕಾಗಿ ಅತ್ತಿಗೆ ಎಂಟು ತಿಂಗಳು ಗ್ರಾಫ್ ಹಾಳೆಯ ಮೇಲೆ ಒದ್ದಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಡ್ರೈವರು ಬಂದದ್ದು ಆ ಹೆಸರು ನೋಡಿಯೇ. “ಮೂವತ್ತೊಂದು ವರ್ಷ ನಾನ್ ಮಾಡಿದ್ದೇ ಅದು ಮೇಡಂ, ತಿರುಗಿಸಿದ್ದು.”

ಅವರ ಅಪ್ಪ ಟೈಲರ್. ಮಗ ಸೂಜಿ ಹಿಡಿಯಲೊಲ್ಲದೆ ಬಸ್ ಹತ್ತಿದವರು. ಈಗ ಅಪ್ಪನ ಪೆಟ್ಟಿಗೆಯಲ್ಲಿ ಸಿಕ್ಕ ಅರ್ಧ ಹೊಲಿದ ಬೂದು ಕೋಟೊಂದನ್ನು ಬಿಚ್ಚಿಕೊಂಡು ತಂದಿದ್ದರು. ಉಳಿದವರೆಲ್ಲ ಒಂದು ಬ್ಲಾಕಿಗೆ ಬೇಕಾದ ನಾಲ್ಕು ಇಡೀ ಚೌಕ ಕತ್ತರಿಸಿದರೆ, ಇವರು ಮೊದಲ ದಿನವೇ ಇಡೀ ಕೋಟನ್ನು ಹಾಳೆಯಲ್ಲಿದ್ದ ಅಳತೆಗೆ ನಲವತ್ತೆಂಟು ಚೌಕ ಮಾಡಿ ಪೇರಿಸಿಟ್ಟರು. ಮಿಕ್ಕಿದ್ದು ಚಿಂದಿ ಮಾತ್ರ.

೩

ಎರಡನೆಯ ದಿನ ಬೆಳಿಗ್ಗೆ ಎಲ್ಲರೂ ಇನ್ನೂ ತ್ರಿಕೋನಗಳ ಹತ್ತಿರ ಇದ್ದಾಗ ಡ್ರೈವರು ಸಾಲು ಜೋಡಿಸಲು ಕೂತಿದ್ದರು.

“ಮೇಡಂ, ನಂದು ಯಾಕೋ ಸೇರ್ತಿಲ್ಲ.”

“ಹೊಲಿಗೆಗೆ ಬಿಡೋ ಅಂಚು ದಪ್ಪ ಹಿಡಿದಿದೀರ ಸರ್. ಬಿಚ್ಚಿ, ಇನ್ನೊಂದ್ ಸಲ ಹೊಲೀರಿ.”

ಬಿಚ್ಚಿದರು, ಹೊಲಿದರು. ಸೇರಲಿಲ್ಲ. ಮತ್ತೆ ಅದೇ ಮಾತು, ಮತ್ತೆ ಬಿಚ್ಚಿದರು. ಹಿಂದಿನ ಮೇಜಿನಿಂದ ಯಾರೋ, “ಸ್ಟೇರಿಂಗ್ ಹಿಡಿದ ಕೈ ಅಲ್ವಾ, ಸೂಜಿ ಎಲ್ಲಿ ಮಾತು ಕೇಳುತ್ತೆ!” ಅಂದರು. ಹಾಲ್ ನಕ್ಕಿತು. ಅತ್ತಿಗೆಯೂ ನಕ್ಕರು.

(ಆ ನಗುವನ್ನು ಕಥೆಯಿಂದ ತೆಗೆದುಬಿಡಲೇ ಎಂದು ಅತ್ತಿಗೆಯನ್ನು ಕೇಳಿದೆ. “ಬೇಡ. ನಕ್ಕಿದ್ದು ನಿಜ. ಇರ್ಲಿ” ಅಂದರು.)

ಮೂರನೆಯ ಸಲವೂ ಸೇರದಿದ್ದಾಗ ಡ್ರೈವರು ಬೂದು ಚೌಕಗಳನ್ನು ಚೀಲಕ್ಕೆ ತುಂಬತೊಡಗಿದರು. ಕಿವಿ ಕೆಂಪಗಾಗಿತ್ತು. “ಬಿಡಿ ಮೇಡಂ. ಅಪ್ಪ ಹೇಳ್ತಿದ್ದಿದ್ದು ಸರಿ, ಇದು ನನ್ನ ಕೈಗೆ ಹತ್ತೋ ವಿದ್ಯೆ ಅಲ್ಲ.”

ಆಗ ಅತ್ತಿಗೆ ಅವರ ಹೊಲಿಗೆಯ ಮೇಲೆ ಸ್ಕೇಲ್ ಇಟ್ಟರು. ಅಂಚು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ. ಇನ್ನೂ ಹೊಲಿಯದ ಚೌಕವೊಂದರ ಮೇಲಿಟ್ಟರು. ಮೂರೂಕಾಲು ಇಂಚು. ಹಾಳೆ ತೆಗೆದು ನೋಡಿದರು. ಅಲ್ಲೂ ಮೂರೂಕಾಲು.

ಇರಬೇಕಾದದ್ದು ಮೂರೂವರೆ.

೪

(ಇಲ್ಲಿ ನಾನು, “ಅತ್ತಿಗೆಯ ಕಣ್ಣಲ್ಲಿ ನೀರು ತುಂಬಿತು” ಎಂದು ಬರೆದಿದ್ದೆ. “ಎಲ್ಲಿ ತುಂಬ್ತು? ಇನ್ನೊಂದ್ ಸಲ ಸ್ಕೇಲ್ ಇಟ್ಟು ನೋಡ್ದೆ, ಅಷ್ಟೆ. ಅದನ್ನ ಬರಿ.” ಬರೆದಿದ್ದೇನೆ.)

ರಿಟ್ರೀಟಿನ ಏರ್ಪಾಡು ಮಾಡಿದ್ದಾಕೆ ಅತ್ತಿಗೆಯ ಮುಖ ನೋಡಿಯೇ ವಿಷಯ ಹಿಡಿದರು. ಅತ್ತಿಗೆಯನ್ನು ನನ್ನ ಇಸ್ತ್ರಿ ಮೇಜಿನ ಹತ್ತಿರ ಕರೆದು ಪಿಸುಗುಟ್ಟಿದರು: “ನಡುವೆ ಒಂದು ಸಣ್ಣ ಪಟ್ಟಿ ಸೇರಿಸಿ, ಡಿಸೈನೇ ಹೀಗೆ ಅಂದ್ಬಿಡಿ. ಹೊರಗೂ ಇಷ್ಟೊಂದು ಹಾಳೆ ಮಾರಿ ಆಗಿದೆ. ನಿಮ್ಮ ಹೆಸರು ಏನಾಗ್ಬೇಕು?”

ನಾನು ತಲೆಯಾಡಿಸಿದೆ. ಸುಳ್ಳು ಯಾಕೆ, ನನಗೆ ಆ ಉಪಾಯ ಹಿಡಿಸಿತ್ತು. ತಪ್ಪೇ ಚೆಲುವಾಗಿ ಅರಳಿತು ಅನ್ನುವ ಕಥೆ ನಮ್ಮಂಥವರಿಗೆ ಹಬ್ಬದೂಟ. ಅತ್ತಿಗೆ ನನ್ನತ್ತ ತಿರುಗಿ, “ಅರಳೋಕೆ ಅದೇನು ಹೂವಾ? ಆ ಮನುಷ್ಯನ ಕೈಲಿ ಎರಡು ಸಲ ಬಿಚ್ಚಿಸಿದೀನಿ ಕಣೋ” ಅಂದರು.

ಮಷೀನುಗಳನ್ನು ನಿಲ್ಲಿಸಲು ಹೇಳಿದರು. ಸದ್ದಡಗಿತು.

“ಎಲ್ಲರೂ ಹಾಳೆ ನೋಡಿ. ಚೌಕದ ಅಳತೆ ತಪ್ಪಿದೆ, ಕಾಲಿಂಚು ಕಡಿಮೆ. ಬರೆದೋಳು ನಾನು, ಅಚ್ಚಿಗೆ ಮುಂಚೆ ತಾಳೆ ನೋಡದೆ ಇದ್ದೋಳೂ ನಾನೇ. ಈ ಸರ್ ಹೊಲಿಗೆ ಮೊದಲನೇ ಸಲಾನೇ ಸರಿ ಇತ್ತು. ನಾನು ಹಾಳೇನ ನಂಬಿ ಅವರ ಕೈನ ಅನುಮಾನಿಸಿದೆ. ಸರ್, ತಪ್ಪಾಯ್ತು.”

ಡ್ರೈವರು ಚೀಲ ಹಿಡಿದುಕೊಂಡೇ ನಿಂತಿದ್ದರು. ಅದನ್ನು ಮತ್ತೆ ಮೇಜಿನ ಮೇಲಿಟ್ಟರು.

“ನಮ್ಮಪ್ಪ ಹುಟ್ಟಿದಾಗಿನಿಂದ ಗಿರಾಕಿ ಮುಂದೆ ‘ತಪ್ಪು ನಂದು’ ಅಂದವರಲ್ಲ ಮೇಡಂ. ಕೋಟು ಬಿಗಿಯಾದ್ರೆ ‘ನೀವು ದಪ್ಪ ಆಗಿದೀರ’ ಅಂತಿದ್ರು. ಈ ಕೋಟು ಹಾಗೇ ಉಳಿದಿದ್ದು. ಟ್ರಯಲ್ ನೋಡೋವಾಗ್ಲೇ ಆ ಗಿರಾಕಿ ಎಸೆದು ಹೋದ. ಅಪ್ಪ ಅದನ್ನ ಸರಿ ಮಾಡ್ಲೂ ಇಲ್ಲ, ಬೇರೆಯವರಿಗೆ ಕೊಡ್ಲೂ ಇಲ್ಲ.”

(ಓದುಗರೇ, ಇದನ್ನು ನಾನು ಕಟ್ಟಿದ್ದಲ್ಲ. ಕಟ್ಟುವುದಾಗಿದ್ದರೆ ನಿಮಗೆ ಅನುಮಾನ ಬರುತ್ತದೆಂದು ಬೇರೆ ಏನಾದರೂ ಹೇಳಿಸುತ್ತಿದ್ದೆ.)

೫

ಉಳಿದವರ ಹತ್ತಿರ ಬಟ್ಟೆ ಇತ್ತು, ಹೊಸದಾಗಿ ಕತ್ತರಿಸಿಕೊಂಡರು. ಒಬ್ಬಾಕೆ ಮಾತ್ರ, ಹಾಳೆಯನ್ನೇ ನೆಟ್ಟಗೆ ಬರೆಯದವರಿಂದ ಏನು ಕಲಿಯುವುದು ಎಂದು ಮಷೀನು ಎತ್ತಿಕೊಂಡು ಹೊರಟೇಹೋದರು. ಅತ್ತಿಗೆ ಬಾಗಿಲವರೆಗೆ ಹೋಗಿ ಮಷೀನು ಕಾರಿಗಿಡಲು ಕೈ ಜೋಡಿಸಿ ಬಂದರು.

ಡ್ರೈವರ ಕೋಟಿಗೆ ಮಾತ್ರ ಎರಡನೆಯದು ಎಂಬುದಿರಲಿಲ್ಲ. ಅತ್ತಿಗೆ ಊಟ ಬಿಟ್ಟು ಗ್ರಾಫ್ ಹಾಳೆ ಹರಡಿದರು. “ದೊಡ್ಡದನ್ನ ಚಿಕ್ಕದು ಮಾಡ್ಬಹುದು, ಚಿಕ್ಕದನ್ನ ದೊಡ್ಡದು ಮಾಡೋಕಾಗಲ್ಲ. ನಿಮ್ಮ ಬಟ್ಟೆ ಹಾಗೇ ಇರ್ಲಿ ಸರ್, ನನ್ನ ಬ್ಲಾಕೇ ಬಗ್ಗಲಿ.” ಪ್ರತಿ ತುಂಡಿಗೂ ಹೊಸ ಅಳತೆ ಹಾಕಿದರು. ಹನ್ನೆರಡು ಇಂಚಿನ ‘ತಿರುವು’ ಹನ್ನೊಂದು ಇಂಚಾಯಿತು. ಈ ಸಲ ಪ್ರತಿ ಅಂಕಿಯನ್ನೂ ಗಟ್ಟಿಯಾಗಿ ಓದಿ, ಡ್ರೈವರಿಂದ ಸ್ಕೇಲ್ ಹಿಡಿಸಿ, “ಸರೀನಾ?” ಎಂದು ಕೇಳಿ, ಅವರು “ರೈಟ್” ಅಂದ ಮೇಲೆಯೇ ಮುಂದಿನದಕ್ಕೆ ಹೋಗುತ್ತಿದ್ದರು. ನಾಲ್ಕು ಗಂಟೆಗೆ ಮೊದಲ ಬ್ಲಾಕು ಸೇರಿತು. ನಾನೇ ಇಸ್ತ್ರಿ ಹಾಕಿದೆ. ಮೂಲೆಗೆ ಮೂಲೆ ಕೂತಿತ್ತು. ನನಗೆ ಅತ್ತಿಗೆಯ ಜಾಣತನದ ಬಗ್ಗೆ ಮೊದಲಿನಿಂದಲೂ ಹೆಮ್ಮೆ. ಅಂದು ಗೌರವ ಹುಟ್ಟಿತು.

ಮನೆಗೆ ಬಂದವರೇ ಆ ಹಾಳೆ ಕೊಂಡ ಪ್ರತಿಯೊಬ್ಬರಿಗೂ ಕೈಯಾರೆ ಪತ್ರ ಬರೆದರು. ಒಬ್ಬರನ್ನೂ ಬಿಡಲಿಲ್ಲ.

೬

ಇನ್ನು ಮುಕ್ತಾಯ. ಒಂದು: ಡ್ರೈವರ ಕ್ವಿಲ್ಟ್ ಪ್ರದರ್ಶನದಲ್ಲಿ ಮೊದಲ ಬಹುಮಾನ ಪಡೆಯುತ್ತದೆ. (ಅತ್ತಿಗೆ ಪೆನ್ನಿನಿಂದ ಗೀಚಿ ಹಾಕಿದರು.) ಎರಡು: ಎದ್ದು ಹೋದಾಕೆ ಮನಸ್ಸು ಕರಗಿ ವಾಪಸ್ಸು ಬರುತ್ತಾರೆ. (“ಬರ್ಲಿಲ್ಲ.”) ಮೂರು: ಆ ಬೂದು ಹೊದಿಕೆ ಹೊದ್ದು ಡ್ರೈವರು ನೆಮ್ಮದಿಯಾಗಿ ಮಲಗುತ್ತಾರೆ. (“ನೀನು ಹೋಗಿ ನೋಡಿದ್ಯಾ?”)

ನೋಡಿಲ್ಲ. ಆ ದಿನ ಒಂದು ಬ್ಲಾಕು ಆಗಿತ್ತು, ಇನ್ನು ಹನ್ನೊಂದು ಬಾಕಿ. ಆಮೇಲೆ ಏನಾಯಿತೋ ಗೊತ್ತಿಲ್ಲ.

“ಒಂದು ಫೋನ್ ಮಾಡಿ ಕೇಳೋಣವಾ ಅತ್ತಿಗೆ? ಕಥೆ ಮುಗಿಸಬೇಕು.”

ಅತ್ತಿಗೆ ಕತ್ತರಿಸುತ್ತಿದ್ದ ಬಟ್ಟೆಯಿಂದ ತಲೆಯೆತ್ತಲೇ ಇಲ್ಲ.

“ಬೇಡ. ಇನ್ನೂ ಮುಗಿದಿಲ್ಲ ಅಂದ್ರೆ ಅವರಿಗೆ ನಾಚಿಕೆ ಆಗುತ್ತೆ. ಮುಗಿದಿದೆ ಅಂದ್ರೆ ನಿನಗೆ ಅನುಕೂಲ ಆಗುತ್ತೆ. ನಿನ್ನ ಅನುಕೂಲಕ್ಕೆ ಅಂತ ಅವರು ಹೊಲೀತಾ ಇಲ್ಲ.”