ಗುರು ಶುಕ್ರ ಬೇರೆಯಾದ ವಾರ

ನಮ್ಮ ಡಿಪೋದಿಂದ ಮೊದಲ ಬಸ್ಸು ಹೊರಡುವುದು ಬೆಳಗಿನ ಜಾವ ಐದಕ್ಕೆ. ಅದರ ಚಾವಿ ಡ್ರೈವರನ ಹತ್ತಿರ ಇರುವುದಿಲ್ಲ, ಕಂಡಕ್ಟರನ ಜೇಬಿನಲ್ಲಿರುತ್ತದೆ. ಡ್ರೈವರ್ ಅಂಗಳದಲ್ಲಿ ನಿಂತು, ಪೂರ್ವಕ್ಕೆ ಮುಖ ಮಾಡಿ, ಎಷ್ಟು ಗ್ರಹ ಕಾಣುತ್ತಿವೆ, ಎಲ್ಲೆಲ್ಲಿವೆ ಅಂತ ಹೇಳಬೇಕು. ಕಂಡಕ್ಟರ್ ತಾನೂ ನೋಡಿ ಹೌದೆಂದರೆ ಚಾವಿ ಕೊಡಬೇಕು. ಯಾವ ನಿಯಮದ ಪುಸ್ತಕದಲ್ಲೂ ಇದಿಲ್ಲ. ಯಾವ ಕಾಲದಲ್ಲೋ ಒಬ್ಬ ನಿದ್ದೆಗಣ್ಣಿನಲ್ಲಿ ಬಸ್ಸನ್ನು ಗೋಡೆಗೆ ಗುದ್ದಿದಾಗ ಆಗಿನ ಮೇಸ್ತ್ರಿ ಶುರು ಮಾಡಿದ್ದಂತೆ. ಮೇಸ್ತ್ರಿ ಸತ್ತು ಮಣ್ಣಾದರೂ ಪದ್ಧತಿ ಉಳಿಯಿತು.

ಡ್ರೈವರ್ ನನ್ನ ಭಾವ, ಅಕ್ಕನ ಗಂಡ. ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ತಡ ಮಾಡದ ಅವರಿಗೆ ಡಿಪೋದವರು ಇಟ್ಟ ಹೆಸರು ಗಡಿಯಾರ. ನನಗಿಟ್ಟದ್ದು ಚಿಲ್ಲರೆ. ಯಾಕೆ ಅಂತ ಬಸ್ಸು ಹತ್ತಿದವರಿಗೆಲ್ಲ ಗೊತ್ತು. ಡಿಪೋದ ಹಿಂದಿನ ಕ್ವಾರ್ಟರ್ಸಿನಲ್ಲಿ ಅವರಿಗೆ ಎರಡು ಕೋಣೆ. ಮದುವೆಯಿಲ್ಲ, ಮಕ್ಕಳಿಲ್ಲ ಅಂತ ನಾನೂ ಅಲ್ಲೇ ಹೊರಕೋಣೆಯಲ್ಲಿ ಬಿದ್ದುಕೊಂಡಿದ್ದೇನೆ.

ಭಾವನ ನಿವೃತ್ತಿಗೆ ಇನ್ನು ಹನ್ನೊಂದು ತಿಂಗಳಿತ್ತು. ಅದಕ್ಕೆ ಮುಂಚೆ ಕಣ್ಣು ಕೈಕೊಟ್ಟಿತು ಅಂತ ಗೊತ್ತಾದರೆ ಕಂಪನಿ ಕೆಲಸದಿಂದ ತೆಗೆಯುತ್ತದೆ, ತಿಂಗಳೊಳಗೆ ಕ್ವಾರ್ಟರ್ಸನ್ನೂ ಖಾಲಿ ಮಾಡಿಸುತ್ತದೆ. ಅಕ್ಕ ಬಾಗಿಲಲ್ಲಿ ಬೆಳೆಸಿದ ಗಿಡದ ಕುಂಡಗಳ ಸಮೇತ ಬೀದಿಗೆ.

ಆ ದಿನಗಳಲ್ಲಿ ಶುಕ್ರ, ಗುರು ಎರಡೂ ಬೆಳಗಿನ ಜಾವ ಪೂರ್ವದಲ್ಲಿದ್ದವು, ದಿನದಿನಕ್ಕೆ ಹತ್ತಿರ ಬರುತ್ತಿದ್ದವು. ಭಾವ ಕೈ ಚಾಚಿ ಬೆರಳಲ್ಲಿ ಅಳೆದು ಹೇಳುತ್ತಿದ್ದರು.

"ಇವತ್ತು ಎರಡು ಬೆರಳು. ಮದುವೆ ಗೊತ್ತಾದವರ ಹಾಗೆ ಹತ್ರ ಬರ್ತಾ ಇದಾವೆ ನೋಡೋ. ನಿನಗೆ ಯಾವಾಗ ಬರುತ್ತೋ ಆ ಬುದ್ಧಿ?"

"ಗ್ರಹಕ್ಕೆ ಬಾಡಿಗೆ ಮನೆ ಹುಡುಕೋ ಕಷ್ಟ ಇಲ್ಲ ಭಾವ," ಅಂದು ಚಾವಿ ಕೊಡುತ್ತಿದ್ದೆ.

ಒಂದು ಸೋಮವಾರ ಅವರು, "ಇವತ್ತು ಒಂದೇ. ಸೇರಿಬಿಟ್ಟಿವೆ," ಅಂದರು. ನಾನು ನೋಡಿದೆ. ನಿಜವಾಗಿ ಒಂದೇ, ನಾನು ಹುಟ್ಟಿದಾಗಿನಿಂದ ಕಾಣದಷ್ಟು ದೊಡ್ಡದು. ಬದುಕು ಚೆನ್ನಾಗಿದೆ ಅಂತ ನನಗೆ ಅನಿಸಿದ್ದು ಅದೇ ಕೊನೆ.

ಮಂಗಳವಾರವೂ ಭಾವ, "ಒಂದೇ," ಅಂದರು. ನನಗೆ ಎರಡು ಕಂಡವು, ನಡುವೆ ಅರ್ಧ ಬೆರಳು. ಇರಲಿ, ನಿದ್ದೆ ಬಿಟ್ಟಿಲ್ಲ ಅಂದುಕೊಂಡೆ. ಬುಧವಾರ ಒಂದು ಬೆರಳು ದೂರವಾಗಿದ್ದವು.

"ಇನ್ನೂ ಅಂಟಿಕೊಂಡೇ ಇದಾವೆ ನೋಡು," ಅಂದರು ಭಾವ ನಗುತ್ತಾ.

ಅವರಿಗೆ ಕಾಣುತ್ತಿಲ್ಲ ಅಂತ ಆಗ ಗೊತ್ತಾಯಿತು. ಆಗಲೇ ಬಾಯಿ ಬಿಡಬೇಕಿತ್ತು. ಅಕ್ಕನ ಮುಖ ಕಣ್ಣ ಮುಂದೆ ಬಂತು. "ಹೌದು ಭಾವ, ಒಂದೇ," ಅಂದೆ. ಚಾವಿ ಕೊಟ್ಟೆ. ಆ ಕೈಯನ್ನು ಕಡಿದು ಹಾಕಬೇಕಿತ್ತು.

ಅವತ್ತಿನಿಂದ ನಾನು ಟಿಕೆಟ್ ಕೊಡುವುದನ್ನು ಬಿಟ್ಟು ಭಾವನ ಪಕ್ಕದಲ್ಲೇ ಕಂಬ ಹಿಡಿದು ನಿಲ್ಲತೊಡಗಿದೆ. "ಎಡಗಡೆ ಸೈಕಲ್ ಭಾವ." "ಮುಂದೆ ಹಳ್ಳ." ಯಾಕೋ ಹೀಗೆ ಬಡ್ಕೋತೀಯ ಅಂತ ಅವರು ಒಂದು ದಿನವೂ ಕೇಳಲಿಲ್ಲ. ದಿನಾ ಮುಂದಿನ ಸೀಟಿನಲ್ಲಿ ಕೂರುವ ನರ್ಸಮ್ಮ ಕೇಳಿಯೇಬಿಟ್ಟರು.

"ಏನ್ರೀ ಕಂಡಕ್ಟ್ರೇ, ಟಿಕೆಟ್ ಕೊಡ್ತೀರೋ, ರಸ್ತೆ ಕಾಯ್ತೀರೋ?"

ಹಿಂದಿನವರೆಲ್ಲ ನಕ್ಕರು. ನಾನೂ ಹಲ್ಲು ಬಿಟ್ಟೆ. ನಲವತ್ತು ಜನ ನಮ್ಮನ್ನು ನಂಬಿ ಕೂತಿದ್ದರು, ಅರ್ಧ ಜನ ಬಾಯಿ ತೆರೆದುಕೊಂಡು ನಿದ್ದೆಯಲ್ಲಿದ್ದರು.

ಮನೆಯಲ್ಲಿ ಅಕ್ಕನ ಎದುರು ಕೂತರೆ ಟೀ ಲೋಟದಲ್ಲೇ ಆರಿಹೋಗುತ್ತಿತ್ತು. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವನ ಪಾಡು, ನುಂಗೋ ಹಾಗಿಲ್ಲ, ಉಗುಳೋ ಹಾಗಿಲ್ಲ. ಅವಳೇ ಒಂದು ಸಂಜೆ ಕೇಳಿದಳು.

"ನಿಮ್ಮ ಭಾವ ಗಾಡಿ ಸರಿಯಾಗಿ ಓಡಿಸ್ತಾರೇನೋ?"

"ಅವರಿಗೇನಕ್ಕ, ನೀರು ಕುಡಿದಷ್ಟು ಸುಲಭ."

"ನೀನು ಪಕ್ಕದಲ್ಲಿ ಇರ್ತೀಯಲ್ಲ. ಅದೇ ನನಗೆ ಧೈರ್ಯ," ಅಂದು ಲೋಟ ತೊಳೆಯಲು ಎದ್ದಳು.

ಭಾನುವಾರ ಪೇಪರ್ ಹಾಕುವವನ ತಳ್ಳುಗಾಡಿ ತಿರುವಿನಲ್ಲಿ ಅಡ್ಡ ಬಂತು. ನಾನು ಕಿರುಚಿದೆ. ಬ್ರೇಕ್ ಬಿತ್ತು, ಆದರೂ ಬಸ್ಸಿನ ಮೂತಿ ಗಾಡಿಗೆ ತಾಗಿ ಪೇಪರಿನ ಕಟ್ಟುಗಳೆಲ್ಲ ರಸ್ತೆಗೆ ಚೆಲ್ಲಿದವು. ಅವನು ನಮ್ಮ ವಂಶವನ್ನೆಲ್ಲ ಜಾಲಾಡಿಸಿದ. ಸದ್ಯ, ಅವನಿಗೆ ಪೆಟ್ಟಾಗಲಿಲ್ಲ.

"ದೀಪ ಇಲ್ಲದೆ ಕತ್ತಲಲ್ಲಿ ಬಂದ್ರೆ ಯಾರಿಗೆ ಕಾಣುತ್ತೆ?" ಅಂದರು ಭಾವ. ತಳ್ಳುಗಾಡಿ ಬೀದಿದೀಪದ ನೇರ ಕೆಳಗಿತ್ತು.

ಸಾಕು, ನಾಳೆ ಹೇಳಿಬಿಡುತ್ತೇನೆ ಅಂತ ಅವತ್ತು ನಿರ್ಧಾರ ಮಾಡಿದೆ. ರಾತ್ರಿಯಿಡೀ ಮಗ್ಗುಲು ಬದಲಿಸಿದೆ.

ಸೋಮವಾರ ಅಂಗಳಕ್ಕೆ ಬಂದಾಗ ಜನ ಆಗಲೇ ಬಸ್ಸಿನಲ್ಲಿ ಕೂತಿದ್ದರು. ಭಾವ ಗೆಲುವಾಗಿದ್ದರು. ನಾನು ಬಾಯಿ ತೆರೆಯುವ ಮೊದಲೇ ಕೈ ಎತ್ತಿ ತೋರಿಸಿದರು.

"ಇವತ್ತು ಬಿಟ್ಟುಕೊಂಡಿವೆ ಕಣೋ. ಎರಡೂ ಸ್ಪಷ್ಟ. ಶುಕ್ರ ಕೆಳಗೆ, ಗುರು ಮೇಲೆ. ಮಧ್ಯೆ ನಾಲ್ಕು ಬೆರಳು. ತಗೊಂಬಾ ಚಾವಿ."

ನಾನು ತಲೆಯೆತ್ತಿದೆ. ಈ ಅಂಚಿನಿಂದ ಆ ಅಂಚಿನವರೆಗೆ ಮೋಡ. ಒಂದು ಚುಕ್ಕಿಯೂ ಇರಲಿಲ್ಲ.

ಭಾವ ಚಾಚಿದ ಕೈ ಹಾಗೇ ಇತ್ತು. ನಾನು ಚಾವಿ ಕೊಡಲಿಲ್ಲ. ಆ ಕೈ ನಿಧಾನಕ್ಕೆ ಕೆಳಗಿಳಿಯಿತು.

"ಮೋಡ ಇದೆಯೇನೋ?"

"ಇದೆ ಭಾವ."

"ಪೂರ್ತಿನಾ?"

"ಪೂರ್ತಿ."

ಭಾವ ಬಸ್ಸಿನ ಮೈಗೆ ಒರಗಿ ನಿಂತರು. ಒಳಗೆ ಯಾರೋ ಕೆಮ್ಮಿದರು.

"ನಿನಗೆ ಯಾವಾಗಿಂದ ಗೊತ್ತು?"

"ಐದು ದಿನದಿಂದ."

"ಐದು ದಿನ ನನ್ನ ಕೈಗೆ ಚಾವಿ ಕೊಟ್ಟೆಯಾ?" ಅಂದರು. ಬೈಗುಳದ ದನಿಯಲ್ಲ, ಆಯಾಸದ ದನಿ. "ನಾನು ಆಕಾಶದಲ್ಲಿ ಏನಾದ್ರೂ ಕಂಡು ಎರಡು ವರ್ಷ ಆಯ್ತು ಕಣೋ. ಭಾನುವಾರ ನೀನು ಇಸ್ಪೀಟಿಗೆ ಹೋದ ಮೇಲೆ ನಿಮ್ಮಕ್ಕ ಪೇಪರ್ ಓದಿ ಹೇಳ್ತಾಳೆ, ಈ ವಾರ ಯಾವ ಗ್ರಹ ಎಲ್ಲಿರುತ್ತೆ ಅಂತ. ಹೋದ ವಾರ ಎರಡೂ ಕೂಡಿರ್ತವೆ ಅಂತ ಇತ್ತು. ವಾರವೆಲ್ಲ ಕೂಡಿರ್ತವೆ ಅಂದ್ಕೊಂಡ್ವಿ. ಮಳೆಗಾಲದಲ್ಲಿ ಮೋಡ ಅಂದ್ರೆ ಸಾಕಿತ್ತು, ಈ ಕಾಲದಲ್ಲಿ ಮೋಡ ಬರುತ್ತೆ ಅಂತ ಯಾರಿಗೆ ಗೊತ್ತಿತ್ತು."

ಅಕ್ಕನಿಗೂ ಗೊತ್ತಿತ್ತು. ಅವಳನ್ನು ಉಳಿಸಲೆಂದು ನಾನು ಸುಳ್ಳು ಹೇಳುತ್ತಿದ್ದೆ, ಅವಳು ನನ್ನನ್ನು ನಂಬಿ ಇವರನ್ನು ಕಳಿಸುತ್ತಿದ್ದಳು. ಮೂರು ಜನರ ನಡುವೆ ಸರಿಯಾಗಿ ಕಾಣುವ ಕಣ್ಣು ನಾಲ್ಕಿದ್ದವು, ಒಂದೂ ಕೆಲಸಕ್ಕೆ ಬರಲಿಲ್ಲ. ಇಷ್ಟು ಅಸಹ್ಯ ನನ್ನ ಮೇಲೆ ನನಗೆ ಯಾವತ್ತೂ ಆಗಿರಲಿಲ್ಲ.

"ಇಳಿಸು ಎಲ್ಲರನ್ನೂ," ಅಂದರು ಭಾವ.

ಬಸ್ಸು ಕೆಟ್ಟಿದೆ ಅಂತ ಹೇಳಿ ಇಳಿಸಿದೆ. ಜನ ಗೊಣಗಿದರು. "ಗಡಿಯಾರಕ್ಕೂ ರಿಪೇರಿ ಬಂತಾ?" ಅಂತ ನರ್ಸಮ್ಮ ನಕ್ಕು ಕೆಳಗಿಳಿದರು. ನಾನು ಆಫೀಸಿನ ಕಿಟಕಿಯಲ್ಲಿ ಚಾವಿ ಇಟ್ಟು, ಮೊದಲ ಟ್ರಿಪ್ ಇಲ್ಲ, ಇನ್ನು ಮೇಲೆ ಭಾವ ಗಾಡಿ ಓಡಿಸೋದಿಲ್ಲ ಅಂತ ಹೇಳಿದೆ. ಬರೆದುಕೊಳ್ಳುವವನು ಕಾರಣ ಕೇಳಿದ. ಕಣ್ಣು ಅಂದೆ. ಅವನು ಬರೆದುಕೊಂಡ.

ಐದಾಯಿತು, ಐದೂ ಹತ್ತಾಯಿತು. ಬಸ್ಸಿನ ಸದ್ದು ಕೇಳಲಿಲ್ಲವೆಂದು ಅಕ್ಕ ಕ್ವಾರ್ಟರ್ಸಿನ ಬಾಗಿಲು ತೆರೆದು ಹೊರಗೆ ಬಂದಳು. ದೀಪದ ಕೆಳಗೆ, ನಮ್ಮಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ, ಸೆರಗು ಬಾಯಿಗೊತ್ತಿಕೊಂಡು ನಿಂತಳು. ಭಾವ ಅವಳತ್ತಲೇ ಮುಖ ಮಾಡಿದ್ದರು.

"ಅವಳು ಇನ್ನೂ ಎದ್ದಿಲ್ಲ ತಾನೆ?" ಅಂತ ನನ್ನನ್ನು ಕೇಳಿದರು.