ನಮ್ಮ ಬಾವಿ ನೀರು ಗಡಸಲ್ಲ

ನನ್ನ ಗಂಡ ವಾಷಿಂಗ್ ಮೆಷಿನ್ ರಿಪೇರಿ ಮಾಡುತ್ತಾನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಇವಳ ಸಿಟ್ಟು ಜಾಸ್ತಿಯಾಯಿತು ಅಂತ ಯಾರೂ ಅನ್ನಬಾರದು.

ನಮ್ಮ ಮೆಷಿನ್‌ನಲ್ಲಿ ಒಗೆದು ಒಣಗಿಸಿದ ಬಟ್ಟೆ ರಟ್ಟಿನ ಹಾಗಿರುತ್ತದೆ. ಟವೆಲನ್ನು ಮೂಲೆಗೆ ಒರಗಿಸಿದರೆ ನಿಂತೇ ಇರುತ್ತದೆ. ನಾನಾದರೆ ಹೇಗೋ ಉಟ್ಟುಕೊಂಡೇನು. ಮಗಳು ಪುಟ್ಟಿ ಇನ್ನೂ ಒಂದನೇ ಕ್ಲಾಸು. ಯೂನಿಫಾರ್ಮಿನ ಕಾಲರು ಉಜ್ಜಿ ಉಜ್ಜಿ ಅವಳ ಕುತ್ತಿಗೆಯ ಚರ್ಮ ಸುಲಿದಿತ್ತು. ಡಾಕ್ಟರು ಮುಲಾಮು ಬರೆದುಕೊಟ್ಟು, "ಬಟ್ಟೆಯಲ್ಲಿ ಸೋಪು ಉಳೀತಿದೆ, ಮೊದಲು ಅದನ್ನ ಸರಿ ಮಾಡ್ಕೊಳ್ಳಿ" ಅಂದರು.

ನೀರಿನದೇ ತೊಂದರೆ ಇರಬೇಕು ಅಂತ ನಾನು ಬಾಯಿ ತೆರೆದರೆ ಸಾಕು, ಅತ್ತೆ "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ" ಅನ್ನುತ್ತಿದ್ದರು. ಹಿತ್ತಲ ಬಾವಿ ಮಾವ ತೋಡಿಸಿದ್ದು. ಕೊನೆಕೊನೆಗೆ ಆಳುಗಳು ಕೈಬಿಟ್ಟಾಗ ತಾವೇ ಇಳಿದು ಅಗೆದರಂತೆ. ಈಗ ಮಾವ ಇಲ್ಲ. ಆ ನೀರಿಗೆ ಹೆಸರಿಟ್ಟರೆ ಮಾವನಿಗೇ ಹೆಸರಿಟ್ಟ ಹಾಗೆ. ಗಂಡನೂ ಅದೇ ರಾಗ. "ನಮ್ಮ ನೀರಿಗೇನಾಗಿದೆ? ನೀನು ಕೈಗೆ ಬಂದಷ್ಟು ಸೋಪು ಸುರೀತೀಯ. ಸರಿಯಾಗಿ ಜಾಲಿಸು."

ಜಾಲಿಸಿದೆ. ಮೆಷಿನ್‌ನಿಂದ ತೆಗೆದು ಬಕೆಟ್ಟಿಗೆ ಹಾಕಿ ರಟ್ಟೆ ಬೀಳುವ ತನಕ ಮತ್ತೆ ಜಾಲಿಸಿದೆ. ಅದೇ ನೀರಿನಲ್ಲಿ! ಸೋಂಬೇರಿ ಸೊಸೆ, ಮಗುವಿನ ಬಟ್ಟೆ ಒಗೆಯಲೂ ಬಾರದವಳು ಅಂತ ಬೀದಿಗೆಲ್ಲ ಹೆಸರು ಬಂದದ್ದು ನನಗೇ.

ಮೊನ್ನೆ ಮೂಲೆಮನೆಯಾಕೆ ಕರೆದು ಕೈಗೊಂದು ಟವೆಲ್ ಕೊಟ್ಟಳು. ಬೆಣ್ಣೆಯ ಹಾಗಿತ್ತು.

"ಎಲ್ಲಾ ನಿಮ್ಮನೆಯವರ ಪುಣ್ಯ ಕಣ್ರೀ. ಮೆಷಿನ್ ನೋಡೋಕೆ ಬಂದಾಗ ನೀರಿಗೆ ಒಂದು ಕಾಗದದ ಪಟ್ಟಿ ಅದ್ದಿದ್ರು. ಕೆಂಪಗಾಯ್ತು. ಈ ಬೀದೀಲಿ ಯಾರ ಬಾವಿ ನೋಡಿದ್ರೂ ಗಡಸು ನೀರೇ, ಅದಕ್ಕೇ ಸೋಪು ಕರಗದೆ ಬಟ್ಟೇಲಿ ಕೂರುತ್ತೆ ಅಂದ್ರು. ಒಂದು ಪುಡಿ ಕೊಟ್ರು. ಸೋಪಿನ ಜೊತೆ ಒಂದೇ ಚಮಚ!"

ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ಇಡೀ ಬೀದಿಯ ನೀರು ಗಡಸು, ನಮ್ಮ ಬಾವಿಯದು ಮಾತ್ರ ಅಮೃತ!

ಸಂಜೆ ಅವನ ಚೀಲ ತೆರೆದು ನೋಡಿದೆ. ಅದೇ ಪುಡಿಯ ಡಬ್ಬಿಗಳು ಸಾಲಾಗಿ ಕೂತಿದ್ದವು.

"ಅದು ಗಿರಾಕಿಗಳಿಗೆ ಕಣೇ," ಅಂದ. ಆಮೇಲೆ ದನಿ ತಗ್ಗಿಸಿದ. "ಅಮ್ಮನ ಕಣ್ಣೆದುರಿಗೆ ಇದನ್ನ ತಂದಿಟ್ರೆ ಅಪ್ಪನ ಬಾವಿ ಕೆಟ್ಟದ್ದು ಅಂದಂಗಾಗಲ್ವಾ? ಅವಳು ನೊಂದ್ಕೋತಾಳೆ."

ಅಂದರೆ ಇವನಿಗೆ ಗೊತ್ತಿತ್ತು. ಅಮ್ಮನ ಮನಸ್ಸು ನೋಯಬಾರದು, ಮಗಳ ಕುತ್ತಿಗೆ ಸುಲಿದರೆ ಪರವಾಗಿಲ್ಲ. ಮನೆಗೆ ಮಾರಿ, ಊರಿಗೆ ಉಪಕಾರಿ ಅಂತ ಸುಮ್ಮನೆ ಹೇಳಿಲ್ಲ ಹಿರಿಯರು. ಪುಡಿಯನ್ನು ನಾನೇ ಅಂಗಡಿಯಿಂದ ತಂದು ಕದ್ದುಮುಚ್ಚಿ ಹಾಕಬಹುದಿತ್ತು. ಹಾಕಿದರೆ ತಪ್ಪು ನನ್ನ ತಲೆಯ ಮೇಲೆಯೇ ಉಳಿಯುತ್ತಿತ್ತು. ಗಿರಾಕಿಗೆ ತಾನೇ ಕೊಡೋದು? ಸರಿ, ಗಿರಾಕಿಯೇ ಆಗುತ್ತೇನೆ.

ಮರುದಿನ ಬೆಳಿಗ್ಗೆ ಅವನು ಕೆಲಸ ಮಾಡುವ ಅಂಗಡಿಗೆ ಫೋನು ಮಾಡಿ, ಯಾರೆಂದು ಹೇಳದೆ ವಿಳಾಸ ಕೊಟ್ಟು ದೂರು ಬರೆಸಿದೆ. ಸ್ವಲ್ಪ ಹೊತ್ತಿಗೆ ಗಂಡನ ಫೋನು ಬಂತು.

"ಏನೇ ಇದು, ನಮ್ಮನೆ ವಿಳಾಸ ಕೊಟ್ಟು ಕಳಿಸಿದ್ದಾರೆ? ತಮಾಷೇನಾ?"

"ದೂರು. ಬರ್ತೀರೋ, ಇಲ್ಲ ಯಾರೂ ಬರಲಿಲ್ಲ ಅಂತ ನಿಮ್ಮ ಯಜಮಾನರಿಗೆ ಹೇಳ್ಲೋ?"

ಬಂದ. ಚೀಲ ಹಿಡಿದು ಬಾಗಿಲಲ್ಲಿ ನಿಂತವನನ್ನು "ಬನ್ನಿ ಸಾರ್" ಅಂತ ಒಳಗೆ ಕರೆದೆ. ಅತ್ತೆಗೆ ಮೆಷಿನ್ ಪಕ್ಕದಲ್ಲೇ ಕುರ್ಚಿ ಹಾಕಿದ್ದೆ.

"ಮೂಲೆಮನೇಲಿ ಮಾಡಿದ್ದೆಲ್ಲ ಇಲ್ಲೂ ಮಾಡಿ. ಒಂದೂ ಬಿಡ್ಬೇಡಿ."

ಬೇರೆ ದಾರಿಯಿರಲಿಲ್ಲ. ನಲ್ಲಿ ತಿರುಗಿಸಿ ಲೋಟಕ್ಕೆ ನೀರು ಹಿಡಿದು ಪಟ್ಟಿ ಅದ್ದಿದ. ನೋಡನೋಡುತ್ತ ಅದು ಕೆಂಪಾಯಿತು.

"ಯಾಕೋ ಕೆಂಪಗಾಯ್ತು?" ಅತ್ತೆ ಕೇಳಿದರು.

"ನೀರು ಗಡಸಮ್ಮ."

"ಯಾವ ನೀರು?"

"ನಮ್ಮದೇ."

ಅತ್ತೆ ಹಿತ್ತಲ ಕಡೆ ನೋಡಿದರು. "ನಿಂಗೆ ಯಾವಾಗಿಂದ ಗೊತ್ತು?" ಅಂದರು. ಇವನು ಲೋಟ ನೋಡುತ್ತ ನಿಂತ.

"ನಿಮ್ಮಪ್ಪ ಬಾವಿ ತೋಡಿದ್ದು ಮನೆಯವರಿಗೆ ಒಳ್ಳೇದಾಗ್ಲಿ ಅಂತ ಕಣೋ. ಮಗು ಕುತ್ತಿಗೆ ಸುಲೀಲಿ ಅಂತಲ್ಲ."

ಅತ್ತೆಯನ್ನೂ ಅಲ್ಲಿಗೇ ಬಿಡಲು ನನ್ನ ಮನಸ್ಸು ಒಪ್ಪಲಿಲ್ಲ. "ನೆಲ ಡೊಂಕೇ ಇತ್ತು, ಅತ್ತೆ" ಅಂದೆ. ಅವರು ತಲೆ ತಗ್ಗಿಸಿದರು. ನನಗೆ ಅಯ್ಯೋ ಅನ್ನಿಸಲಿಲ್ಲ.

ಗಂಡ ಡಬ್ಬಿ ತೆಗೆದು ಮೆಷಿನ್ ಮೇಲಿಟ್ಟ. ಅಷ್ಟರಲ್ಲಿ ಅಂಗಡಿಯ ಯಜಮಾನರ ಫೋನು ಬಂತು.

"ನಮ್ಮವರು ಬಂದಿದ್ರಾ ಮೇಡಂ? ಕೆಲಸ ಆಯ್ತಾ?"

ಬೇಡ, ಬೇಡ ಅಂತ ಗಂಡ ಎರಡೂ ಕೈಯಲ್ಲಿ ಸನ್ನೆ ಮಾಡುತ್ತಿದ್ದ.

"ಆಯ್ತು. ಪುಡಿ ಕೊಟ್ರು. ಆದ್ರೆ ತುಂಬಾ ತಡವಾಯ್ತು."

"ತಡಾನಾ? ಇವತ್ತು ಬೆಳಿಗ್ಗೆ ತಾನೇ ದೂರು ಕೊಟ್ರಿ?"

"ಇಲ್ಲ. ಒಂದು ವರ್ಷದಿಂದ ಕೊಡ್ತಾನೇ ಇದ್ದೀನಿ. ಫೋನಲ್ಲಿ ಕೊಟ್ಟಿದ್ದು ಮಾತ್ರ ಇವತ್ತು."