ಕತ್ತರಿ ಚಿಕ್ಕಮ್ಮನ ಲೇಬಲ್ಲು

ಬೀದಿಯವರೆಲ್ಲ ಅವಳನ್ನು ಕತ್ತರಿ ಚಿಕ್ಕಮ್ಮ ಎಂದೇ ಕರೆಯುತ್ತಿದ್ದರು. ಬಟ್ಟೆ ಹೊಲಿಯುವವಳ ಕೈಯಲ್ಲಿ ಕತ್ತರಿ ಇರುವುದು ಸಹಜ. ಬಾಯಲ್ಲೂ ಒಂದಿದೆ ಎಂದು ಗೊತ್ತಿದ್ದವರು ಅವಳ ಹೊಲಿಗೆಯ ಬಗ್ಗೆ ತಕರಾರು ತೆಗೆಯಲು ಹೋಗುತ್ತಿರಲಿಲ್ಲ. ಅಂಥವಳನ್ನು ಎರಡು ಬೆರಳಗಲದ ಬಿಳಿ ಬಟ್ಟೆ ತುಂಡೊಂದು ಪೂರಾ ಆಟ ಆಡಿಸಿಬಿಟ್ಟಿತು ಎಂದರೆ ಯಾರು ನಂಬುತ್ತಾರೆ ಹೇಳಿ.

ವಿಷಯ ಇಷ್ಟೇ. ಅಕ್ಕ ತೀರಿಕೊಂಡ ಮೇಲೆ ಅವಳ ಮಗಳನ್ನು ಚಿಕ್ಕಮ್ಮನೇ ಎತ್ತಿ ಆಡಿಸಿ ಬೆಳೆಸಿದ್ದಳು. ಆ ಮಗಳಿಗೆ ಈಗೊಂದು ಹೆಣ್ಣುಮಗು. ಮನೆ ಎರಡು ಬೀದಿ ಆಚೆ. ಬೀರು ತುಂಬ ಅಂಗಡಿಯ ಫ್ರಾಕುಗಳಿದ್ದರೂ ಮಗುವಿನ ಮೈಮೇಲೆ ತಾನು ಹೊಲಿದದ್ದು ಇರಬೇಕು, ಹೊಲಿದವಳು ಯಾರೆಂಬ ಗುರುತು ಅದರಲ್ಲಿ ಕಾಣಬೇಕು, ಇದೊಂದು ಆಸೆ ಅವಳಿಗೆ. ಅದಕ್ಕೇ ಹತ್ತಿಬಟ್ಟೆಯ ತುಂಡಿನ ಮೇಲೆ ಕೆಂಪು ದಾರದಲ್ಲಿ ಪುಟ್ಟ ಕತ್ತರಿಯೊಂದನ್ನು ಕಸೂತಿ ಹಾಕಿ, ಫ್ರಾಕಿನ ಕತ್ತಿನೊಳಗೆ ಲೇಬಲ್ಲಾಗಿ ಹೊಲಿದಳು.

ಎರಡು ಸಲ ಒಗೆದರೋ ಇಲ್ಲವೋ, ಕತ್ತರಿಸಿದ ಅಂಚಿನಿಂದ ಎಳೆಗಳು ಬಿಚ್ಚಿಕೊಂಡು ಲೇಬಲ್ಲಿಗೆ ಮೀಸೆ ಬಂತು. ಎಳೆ ತಾಗಿದರೆ ಮಗು ಕತ್ತು ಕೊಂಕಿಸುತ್ತದೆ ಎಂದು ಮಗಳು ಮೆಲ್ಲಗೆ ಹೇಳಿದಳು. ಅದೇನು ಮಹಾ ಎಂದುಕೊಂಡು ಚಿಕ್ಕಮ್ಮ ಹೊಸದೊಂದು ಲೇಬಲ್ಲು ಮಾಡಿ ಮೇಣದಬತ್ತಿ ಹಚ್ಚಿದಳು. ನೈಲಾನ್ ರಿಬ್ಬನ್ನಿನ ತುದಿಯನ್ನು ಉರಿಗೆ ತೋರಿಸಿ ಕರಗಿಸುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಆದರೆ ಕೈಯ ರೂಢಿಯಲ್ಲಿ ಬಟ್ಟೆ ಯಾವುದೆಂಬುದೇ ಮರೆತುಹೋಗಿತ್ತು. ಹತ್ತಿ ಕರಗುತ್ತದೆಯೇ? ಭಗ್ಗನೆ ಹೊತ್ತಿಕೊಂಡು ಕೆಂಪು ಕತ್ತರಿಯ ಒಂದು ಅಲಗು ಸುಟ್ಟೇ ಹೋಯಿತು. ಪಕ್ಕದಲ್ಲೇ ಗಿರಾಕಿಗಳ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದ ಗಂಡ ನಗು ತಡೆಯಲಾರದೆ ಅತ್ತ ತಿರುಗಿಕೊಂಡ. ತಿರುಗಿದ ಬೆನ್ನೂ ಕುಲುಕುತ್ತಿತ್ತು.

ಆಮೇಲೆ ಬಣ್ಣವಿಲ್ಲದ ನೇಲ್‌ಪಾಲಿಶ್ ಬಂತು. ಅಂಚಿಗೆ ತೆಳ್ಳಗೆ ಬಳಿದು ಒಣಗಿಸಿದಳು. ಒಂದೆಳೆ ಹೊರಗೆ ಬಂದಿದ್ದರೆ ಕೇಳಿ. ಚಿಕ್ಕಮ್ಮ ಬೀಗಿದ್ದೇ ಬೀಗಿದ್ದು. ಮುಂದಿನ ವಾರ ಮಗಳು ಫ್ರಾಕು ಒಂದು ಕೈಯಲ್ಲಿ, ಬಿಚ್ಚಿ ತೆಗೆದ ಲೇಬಲ್ಲು ಇನ್ನೊಂದು ಕೈಯಲ್ಲಿ ಹಿಡಿದು ಬಂದಳು.

"ಬೇಜಾರ್ ಮಾಡ್ಕೋಬೇಡ ಚಿಕ್ಕಮ್ಮ. ಪಾಪು ಕತ್ತೆಲ್ಲ ಕೆಂಪಗಾಗಿದೆ. ಇನ್ಮೇಲೆ ಅಂಗಡೀದೇ ಹಾಕ್ತೀನಿ."

ಮಗಳು ಹೊರಟುಹೋದ ಮೇಲೆ ಶುರುವಾಯಿತು ನೋಡಿ ಚಿಕ್ಕಮ್ಮನ ಬಾಯಿಕತ್ತರಿ. ಈಗಿನವರದೆಲ್ಲ ಅತಿಯಾಯಿತು, ಇವಳೇನು ರೇಷ್ಮೆಯಲ್ಲಿ ಸುತ್ತಿಕೊಂಡು ಬೆಳೆದಿದ್ದಳೇ, ತನ್ನ ಕೈಯಾರೆ ಹೊಲಿದ ಒರಟು ಲಂಗ ಉಟ್ಟೇ ಅಲ್ಲವೇ ಇಷ್ಟುದ್ದ ಆದದ್ದು ಎಂದು ಒಂದೇ ಸಮನೆ. ಗಂಡ ಅದೆಲ್ಲ ಮುಗಿಯುವ ತನಕ ಇಸ್ತ್ರಿ ಹಾಕುತ್ತಲೇ ಇದ್ದು, ಆ ಲೇಬಲ್ಲನ್ನು ಒಂದು ದಿನ ನೀನೇ ಹಾಕಿಕೊಂಡು ನೋಡು ಎಂದ, ಅಷ್ಟೇ.

ಹಟಕ್ಕೆ ಬಿದ್ದು ಅದನ್ನು ತನ್ನ ರವಿಕೆಯ ಕತ್ತಿನೊಳಗೆ ಹೊಲಿದುಕೊಂಡಳು. ಪಾಲಿಶ್ ಒಣಗಿ ಗಟ್ಟಿಯಾದ ಅಂಚು, ಕೂತರೂ ಚುಚ್ಚಿತು, ನಿಂತರೂ ಚುಚ್ಚಿತು. ಮಧ್ಯಾಹ್ನದ ಹೊತ್ತಿಗೆ ಕೆರೆದು ಕೆರೆದು ಸಾಕಾಯಿತು. ತನ್ನ ಒರಟು ಕತ್ತಿಗೇ ಹೀಗಾದರೆ ಆ ಎಳೇ ಕತ್ತು ಎಷ್ಟು ನೊಂದಿರಬೇಕು ಎನ್ನಿಸಿ ಲೇಬಲ್ಲನ್ನು ಕಿತ್ತು ತೆಗೆದಳು.

"ನನ್ನ ಗುರುತು ನೋಡ್ಕೊಂಡೆನೇ ಹೊರ್ತು ನಾನು ಮಗೂನ ನೋಡ್ಲೇ ಇಲ್ಲ ಕಣ್ರೀ," ಎಂದಳು.

ಈ ಸಲ ಬಟ್ಟೆಯನ್ನು ಧಾರಾಳವಾಗಿ ಅಗಲಕ್ಕೆ ಕತ್ತರಿಸಿಕೊಂಡು ಮತ್ತೆ ಕೆಂಪು ಕತ್ತರಿ ಕಸೂತಿ ಹಾಕಿದಳು. ನಾಲ್ಕೂ ಅಂಚನ್ನು ಒಳಕ್ಕೆ ಮಡಚಿದಳು, ಗಂಡ ಮಡಿಕೆಯ ಮೇಲೆ ಇಸ್ತ್ರಿ ಒತ್ತಿಕೊಟ್ಟ. ಮತ್ತೆ ನಡುವೆ ಮಡಚಿದಾಗ ಕತ್ತರಿಸಿದ ಅಂಚುಗಳೆಲ್ಲ ಎರಡು ಪದರಗಳ ನಡುವೆ ಸಿಕ್ಕಿಬಿದ್ದವು. ಸುತ್ತಲೂ ಸಣ್ಣ ಸಣ್ಣ ಹೊಲಿಗೆ ಹಾಕಿದಳು. ಕತ್ತಿನ ಉಸಾಬರಿಯೇ ಬೇಡವೆಂದು ಹೊಸ ಫ್ರಾಕಿನ ಕೆಳಗಿನ ಅಂಚಿನಲ್ಲಿ, ಹೊರಗಡೆಗೆ, ಪುಟ್ಟ ಬಾವುಟದ ಹಾಗೆ ಸಿಕ್ಕಿಸಿದಳು. ತನ್ನ ಕೆನ್ನೆಗೆ ಉಜ್ಜಿ ನೋಡಿದರೆ ಮೆತ್ತಗಿತ್ತು. ಆದರೂ ಕೊಡಲು ಹೋಗುವಾಗ, ಇದನ್ನೂ ಬೇಡ ಅಂದರೆ ಆ ಮಗುವಿಗೆ ಇನ್ನು ಸೂಜಿ ಹಿಡಿಯುವುದಿಲ್ಲ ಎಂದು ದಾರಿಯುದ್ದಕ್ಕೂ ಗೊಣಗಿಕೊಂಡೇ ಹೋದಳು. ಮಗಳು ಲೇಬಲ್ಲನ್ನು ಬೆರಳಿನಿಂದ ಸವರಿ ನೋಡಿ, ಹಾಕಿ ನೋಡುತ್ತೇನೆ ಎಂದಷ್ಟೇ ಹೇಳಿ ಇಟ್ಟುಕೊಂಡಳು.

ಮಗು ದಿನದಿಂದ ದಿನಕ್ಕೆ ಬೆಳೆಯಿತು. ಒಂದು ಬೆಳಿಗ್ಗೆ ಮಗಳು ಅದನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು. ಮೈಮೇಲಿದ್ದದ್ದು ಅಂಗಡಿಯ ಫ್ರಾಕು. ಚಿಕ್ಕಮ್ಮನ ಮುಖ ಬಾಡಿತು. ಆಮೇಲೆ ಮಗುವಿನ ಕೈ ಕಂಡಿತು. ಅವಳು ಹೊಲಿದ ಫ್ರಾಕು ಆ ಕೈಯಿಂದ ಜೋತಾಡುತ್ತಿತ್ತು. ಮಗು ಅದರ ಲೇಬಲ್ಲನ್ನು ಬಿಗಿಯಾಗಿ ಹಿಡಿದು ಹೆಬ್ಬೆರಳಿನಿಂದ ಉಜ್ಜುತ್ತಿತ್ತು. ಕಚ್ಚಿ ಚೀಪಿ ಕೆಂಪು ಕತ್ತರಿ ಮಾಸಿಹೋಗಿತ್ತು. ಎಳೆ ಮಾತ್ರ ಒಂದೂ ಬಿಚ್ಚಿರಲಿಲ್ಲ.

"ಫ್ರಾಕ್ ಇವಳಿಗೆ ಚಿಕ್ಕದಾಯ್ತು ಚಿಕ್ಕಮ್ಮ. ಆದ್ರೆ ಇದನ್ನ ಹಿಡ್ಕೊಳ್ದೆ ಮಲಗೋದೇ ಇಲ್ಲ, ಒಗೆಯೋಕೂ ಕೊಡಲ್ಲ. ಫ್ರಾಕ್ ಬೇಡ, ಬರೀ ಲೇಬಲ್ ಇನ್ನೊಂದೆರಡು ಹೊಲಿದುಕೊಡು."

ಬೇರೆ ಯಾರಾದರೂ ಹೀಗೆ ಫ್ರಾಕು ಬೇಡ ಎಂದಿದ್ದರೆ ಅವರ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಚಿಕ್ಕಮ್ಮ ಈಗ ಮುಖವರಳಿಸಿ ಟೇಪು ತೆಗೆದುಕೊಂಡು ಮಗುವಿನ ಮುಂದೆ ಬಗ್ಗಿ, ಆ ಪುಟ್ಟ ಮುಷ್ಟಿಯ ಅಳತೆ ತೆಗೆದುಕೊಂಡಳು.